ಜಾನಪದ ಸಂಶೋಧನೆ ಮತ್ತು ಉತ್ತರದಾಯಿತ್ವ: ವಕ್ತೃವಿನ ನೆಲೆಯಿಂದ ಒಂದು ವಿವೇಚನೆ

ಉನ್ನತ ಶಿಕ್ಷಣದಲ್ಲಿ ಉತ್ತರದಾಯಿತ್ವವೆಂಬ ಪರಿಕಲ್ಪನೆಯು ಬಹುಮಟ್ಟಿಗೆ ಮೇಲ್ಮುಖವಾದುದು. ಅಧ್ಯಾಪಕರು ವಿಭಾಗಕ್ಕೆ, ವಿಭಾಗವು ವಿಶ್ವವಿದ್ಯಾಲಯಕ್ಕೆ, ವಿಶ್ವವಿದ್ಯಾಲಯವು 1994ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತಿಗೆ ಲೆಕ್ಕ ಒಪ್ಪಿಸುವ ಕ್ರಮವಿದು. ಜಾನಪದದಂತಹ ಅಧ್ಯಯನಶಿಸ್ತಿನಲ್ಲಿ ಈ ಲೆಕ್ಕ ಅಪೂರ್ಣವಾಗಿಯೇ ಉಳಿಯುತ್ತದೆ. ಇಲ್ಲಿ ಜ್ಞಾನದ ಮೂಲ ಆಕರ ಗ್ರಂಥಾಲಯವಲ್ಲ. ನೀಲಗಾರರು, ದೇವರ ಗುಡ್ಡರು, ಗೊರವರು, ಪಾಡ್ದನ ಹಾಡುವ ಹೆಂಗಸರು. ಅವರಿಗೆ ಸಂಶೋಧಕನು ಯಾವ ಬಗೆಯಲ್ಲಿ ಉತ್ತರದಾಯಿ ಎಂಬ ಪ್ರಶ್ನೆ ಮೌಲ್ಯಮಾಪನದ ಅಂಚಿನಲ್ಲಿದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿಯನ್ನು ಜಾರಿಗೊಳಿಸಿತು. ಅದರ ಪ್ರಕಾರ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಪ್ರಬಂಧದಲ್ಲಿ ಅದು ಶೇ. 60ನ್ನು ಮೀರಿದರೆ ಅಭ್ಯರ್ಥಿಯ ನೋಂದಣಿಯೇ ರದ್ದಾಗುತ್ತದೆ. ನಿಯಮ ಸ್ವಾಗತಾರ್ಹವಾದುದೇ. ಆದರೆ ಸಾಮ್ಯವನ್ನು ಅಳೆಯುವ ತಂತ್ರಾಂಶ ಹೋಲಿಸುವುದು ಈಗಾಗಲೇ ಲಿಖಿತವಾಗಿ ಸಂಗ್ರಹಗೊಂಡ ಪಠ್ಯಗಳೊಂದಿಗೆ ಮಾತ್ರ. ಎಂದೂ ಬರೆಹಕ್ಕಿಳಿಯದ ಕಾವ್ಯವೊಂದನ್ನು ಧ್ವನಿಮುದ್ರಿಸಿಕೊಂಡು, ಹಾಡಿದವರ ಹೆಸರನ್ನು ಕೈಬಿಟ್ಟರೂ ಸಾಮ್ಯದ ಪ್ರಮಾಣ ಶೂನ್ಯವೆಂದೇ ದಾಖಲಾಗುತ್ತದೆ. ಅಕ್ಷರಸ್ಥನಿಂದ ಪಡೆದುದು ಚೌರ್ಯ, ಅನಕ್ಷರಸ್ಥನಿಂದ ಪಡೆದುದು 'ಸಾಮಗ್ರಿ' ಎಂಬ ತಾರತಮ್ಯವು ಹೀಗೆ ಸದ್ದಿಲ್ಲದೆ ನೆಲೆಗೊಳ್ಳುತ್ತದೆ.

ಇದಕ್ಕೆ ಭಿನ್ನವಾದ ಮಾದರಿಗಳೂ ನಮ್ಮ ಮುಂದಿವೆ. ತುಳುನಾಡಿನ ಸಿರಿಕಾವ್ಯವನ್ನು ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಹಾಡಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಸಹಯೋಗದಲ್ಲಿ 15,683 ಸಾಲುಗಳ ಆ ಪಠ್ಯವನ್ನು ಇಂಗ್ಲಿಷ್ ಅನುವಾದದೊಂದಿಗೆ 1998ರಲ್ಲಿ ಪ್ರಕಟಿಸಿದರು. ಗ್ರಂಥದ ಶೀರ್ಷಿಕೆಯಲ್ಲಿಯೇ ಹಾಡುಗಾರನ ಹೆಸರಿದೆ. ಪಠ್ಯವು 'ಜನಪದ'ವೆಂಬ ಅನಾಮಧೇಯ ಸಮೂಹದ್ದಲ್ಲ, ಒಬ್ಬ ಸಮರ್ಥ ಕಲಾವಿದನ ನಿರ್ಮಿತಿ ಎಂಬ ತಾತ್ವಿಕ ನಿಲುವು ಅಲ್ಲಿ ವ್ಯಕ್ತವಾಗಿದೆ. ಆದರೂ ಹೆಸರಿಸಿದ ಮಾತ್ರಕ್ಕೆ ಋಣ ತೀರದು. ಹೆಲ್ಸಿಂಕಿಯಲ್ಲಿ ಅಚ್ಚಾದ ಗ್ರಂಥವು ಸಿರಿ ಆರಾಧಕರಿಗೆ ಎಷ್ಟು ಸಮೀಪದ್ದಾದೀತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಉತ್ತರದಾಯಿತ್ವವು ಅರ್ಥಪೂರ್ಣವಾಗಬೇಕಾದರೆ ವಕ್ತೃವಿನ ಒಪ್ಪಿಗೆ, ಹೆಸರು ಮತ್ತು ಸಂದರ್ಭಗಳು ಅನುಬಂಧದಿಂದ ಪ್ರಬಂಧದ ಶರೀರಕ್ಕೆ ಬರಬೇಕು; ಧ್ವನಿಮುದ್ರಿಕೆಯ ಪ್ರತಿ ಆತನ ಊರಿಗೆ ಮರಳಬೇಕು. ಮೌಖಿಕ ಕಾವ್ಯವನ್ನು ಕುರಿತ ಪ್ರಬಂಧಕ್ಕೆ ಮೌಖಿಕ ಪರೀಕ್ಷೆ ನಡೆಯುವಾಗ ಆ ಕಾವ್ಯವನ್ನು ಹಾಡಿದವರಿಗೂ ಒಂದು ಆಸನವಿರಬೇಕು. ಪ್ರಬಂಧವು ತಮ್ಮನ್ನು ಸರಿಯಾಗಿ ಕೇಳಿಸಿಕೊಂಡಿದೆಯೇ ಎಂಬುದನ್ನು ಹೇಳಬಲ್ಲ ಮೊದಲ ಪರೀಕ್ಷಕರು ಅವರೇ.