ಮೊಕದ್ದಮೆ ಉಳಿಸಿದ ಮೂಕಿ ಚಿತ್ರ

ಮಲಯಾಳಂನ ಎರಡನೇ ಕಥಾಚಿತ್ರ ‘ಮಾರ್ತಾಂಡ ವರ್ಮ’ ತೆರೆ ಕಂಡದ್ದು 1933ರಲ್ಲಿ. ‘ಆಲಂ ಆರಾ’ ಬಂದು ಆಗಲೇ ಎರಡು ವರ್ಷ. ಮೂಕಿಗಳ ಕಾಲ ಮುಗಿಯುತ್ತಿತ್ತು. ನಾಗರಕೋಯಿಲ್‌ನ ಆರ್. ಸುಂದರರಾಜ್ ಹಣ ಹಾಕಿದರು, ಪಿ. ವಿ. ರಾವ್ ನಿರ್ದೇಶಿಸಿದರು. ಕಥೆ ಸಿ. ವಿ. ರಾಮನ್ ಪಿಳ್ಳೆಯವರ 1891ರ ಪ್ರಸಿದ್ಧ ಕಾದಂಬರಿಯದು. ಅದರ ಹಕ್ಕು ಇದ್ದದ್ದು ಪ್ರಕಾಶಕರಾದ ಕಮಲಾಲಯ ಬುಕ್ ಡಿಪೋ ಬಳಿ. ಅವರು ಕೋರ್ಟಿಗೆ ಹೋದರು. ಪ್ರಿಂಟ್ ಜಪ್ತಿಯಾಯಿತು, ಚಿತ್ರ ಪೆಟ್ಟಿಗೆ ಸೇರಿತು.

ಕಥೆ 18ನೇ ಶತಮಾನದ ತಿರುವಾಂಕೂರಿನದು. ಅಲ್ಲಿ ಪಟ್ಟ ಹೋಗುವುದು ರಾಜನ ಮಕ್ಕಳಿಗಲ್ಲ, ಸೋದರಳಿಯನಿಗೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಳಿಯ ಸಂತಾನ ಅಂದರೆ ಸಾಕು. ರಾಜನ ಮಕ್ಕಳಾದ ತಂಬಿಯರು ಪಟ್ಟ ತಮಗೇ ಬೇಕೆಂದು ಎಂಟು ಮನೆಗಳ ಪಿಳ್ಳೆಯರನ್ನು ಕಟ್ಟಿಕೊಂಡು ಪಿತೂರಿ ಹೂಡುತ್ತಾರೆ. ಅಳಿಯ ಮಾರ್ತಾಂಡ ವರ್ಮ ತಲೆ ಉಳಿಸಿಕೊಳ್ಳಲು ಓಡುತ್ತಾನೆ. ಸತ್ತನೆಂದು ಎಲ್ಲರೂ ನಂಬಿದ್ದ ಅನಂತ ಪದ್ಮನಾಭನ್ ಹುಚ್ಚನ ವೇಷದಲ್ಲಿ ಅವನ ಬೆನ್ನು ಕಾಯುತ್ತಾನೆ.

ಕಾದಂಬರಿಯ ಹೆಸರು ಮಾರ್ತಾಂಡ ವರ್ಮನದಾದರೂ ಅದನ್ನು ನಡೆಸುವವರು ಈ ವೇಷಧಾರಿ ಮತ್ತು ಸುಭದ್ರೆ ಎಂಬ ಹೆಣ್ಣು. ಸಿನಿಮಾಕ್ಕೆ ಬೇಕಾದದ್ದು ಮಾತ್ರ ರಾಜಕುಮಾರನ ಸಾಹಸ, ಒಬ್ಬೊಬ್ಬನೇ ವೈರಿಯನ್ನು ಮುಗಿಸುವ ವೀರ. ವೇಷ ಬದಲಿಸುವುದು, ಬೆನ್ನಟ್ಟುವುದು, ಕತ್ತಿವರಸೆ: ಮಾತಿಲ್ಲದ ಚಿತ್ರಕ್ಕೆ ಹೇಳಿ ಮಾಡಿಸಿದ ಸರಕು ಇದು. ಆದರೆ ಪಿಳ್ಳೆಯವರ ಬರವಣಿಗೆಯ ಜೀವ ಇರುವುದು ಪಾತ್ರಕ್ಕೊಂದರಂತೆ ಕೊಟ್ಟ ಮಾತಿನ ಧಾಟಿಯಲ್ಲಿ. ಅದನ್ನು ಮೂಕಿ ಎಲ್ಲಿಂದ ತರಬೇಕು? ನಡುನಡುವೆ ಇಂಗ್ಲಿಷ್, ಮಲಯಾಳಂ ಬರಹದ ಫಲಕಗಳು ಬರುತ್ತವೆ. ಕೆಲವಂತೂ ಕಾದಂಬರಿಯ ವಾಕ್ಯಗಳೇ. ಪ್ರಕಾಶಕರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿತ್ತೆ?

ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ಭಾಗ ಕಾದಂಬರಿಯದಲ್ಲ, ಆರಾಟ್ಟು ಮೆರವಣಿಗೆಯದು. ಅದರಲ್ಲಿ ಕಾಣುವ ರಾಜ ನಟನಲ್ಲ, 1930ರ ದಶಕದಲ್ಲಿ ಆಳುತ್ತಿದ್ದ ಶ್ರೀ ಚಿತ್ತಿರ ತಿರುನಾಳ್. ನಿಜವಾದ ಮೆರವಣಿಗೆಯ ತುಣುಕನ್ನೇ ತಂದು ಕಥೆಗೆ ಜೋಡಿಸಿದ್ದಾರೆ. ಮಾರ್ತಾಂಡ ವರ್ಮ 1750ರಲ್ಲಿ ರಾಜ್ಯವನ್ನೇ ಪದ್ಮನಾಭಸ್ವಾಮಿಗೆ ಒಪ್ಪಿಸಿದ್ದ. ಅವನ ವಂಶದವನು ಅದೇ ದೇವರ ಮುಂದೆ ನಡೆಯುತ್ತಿದ್ದಾನೆ. ಇನ್ನೂರು ವರ್ಷದ ಅಂತರ ಒಂದು ಕತ್ತರಿಯಲ್ಲಿ ಮಾಯ. ಸೆಟ್ಟಿನ ಖರ್ಚು ಉಳಿಸಲು ಮಾಡಿದ್ದೋ, ರಾಜಭಕ್ತಿಯಿಂದಲೋ, ಅಂತೂ ಬಣ್ಣ ಹಚ್ಚಿದ ರಾಜಕುಮಾರನ ಎದುರು ನಿಜವಾದ ರಾಜ ಹೆಚ್ಚು ಸಾಧಾರಣನಾಗಿ ಕಾಣುತ್ತಾನೆ. ತಮಾಷೆಯೆಂದರೆ ಇದೇ ಚಿತ್ರ ಗಾಂಧಿಯವರ ಸ್ವದೇಶಿಯನ್ನೂ ನೆನೆಯುತ್ತದೆ.

ಹಕ್ಕಿನ ವಿಷಯದಲ್ಲಿ ನಾನು ಪ್ರಕಾಶಕರ ಪಕ್ಷ. ಕೇಳದೆ ತೆಗೆದುಕೊಂಡದ್ದು ತಪ್ಪೇ. ಆದರೆ ಜಪ್ತಿಯಾದ ರೀಲುಗಳು ಪುಸ್ತಕದಂಗಡಿಯವರ ಬಳಿಯೇ ದಶಕಗಟ್ಟಲೆ ಉಳಿದವು. ಆಮೇಲೆ ಪಿ. ಕೆ. ನಾಯರ್ ಅವನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಂದರು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಯಾರೂ ಯೋಜಿಸದ ಬ್ಯಾಕಪ್. ಯಾರೂ ಕೇಸು ಹಾಕದ ಮೊದಲ ಮಲಯಾಳಂ ಚಿತ್ರ ‘ವಿಗತಕುಮಾರನ್’ ಇವತ್ತು ಇಲ್ಲ. ಅದರ ನಾಯಕಿ ಪಿ. ಕೆ. ರೋಸಿಯನ್ನು ಪರದೆಯ ಮೇಲೆ ನಾವು ನೋಡಲಾರೆವು.

ನಾವಿರುವ ಹೈದರಾಬಾದಿನಲ್ಲೂ ಧೀರೇನ್ ಗಂಗೂಲಿ ಲೋಟಸ್ ಕಂಪನಿ ಕಟ್ಟಿ ಮೂಕಿ ಚಿತ್ರ ತೆಗೆಯುತ್ತಿದ್ದರು. 1924ರಲ್ಲಿ ‘ರಜಿಯಾ ಬೇಗಂ’ ತೋರಿಸಿದ್ದಕ್ಕೆ ನಿಜಾಮರು ಊರು ಬಿಡಿಸಿದರು. ಅಲ್ಲಿ ನಡೆದದ್ದು ಕೋರ್ಟಿನ ಆಜ್ಞೆಯಲ್ಲ, ಅರಮನೆಯದು; ರೀಲನ್ನು ಜೋಪಾನ ಮಾಡುವ ಎದುರಾಳಿಯೂ ಇರಲಿಲ್ಲ. ಇನ್ನು ಕನ್ನಡದ್ದು ಹೇಳುವುದೇ ಬೇಡ. 1934ರ ‘ಸತಿ ಸುಲೋಚನಾ’ದ ಪ್ರಿಂಟ್ ಇಲ್ಲ. ‘ಮೃಚ್ಛಕಟಿಕ’ದಿಂದ ಮೋಹನ್ ಭವನಾನಿ ತೆಗೆದ ಮೂಕಿ ‘ವಸಂತಸೇನಾ’ದಲ್ಲಿ ಟಿ. ಪಿ. ಕೈಲಾಸಂ ನಟಿಸಿದ್ದರು, ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಮಾತಿನ ಮಲ್ಲ ಕೈಲಾಸಂ ಬಾಯಿಕಟ್ಟಿ ಕ್ಯಾಮೆರಾ ಮುಂದೆ ಏನು ಮಾಡಿದರೋ, ಅದನ್ನು ನೋಡಲು ನಾನಂತೂ ಪುಣೆಯವರೆಗೆ ರೈಲು ಹತ್ತಿ ಹೋಗಲು ತಯಾರಿದ್ದೆ.