ಉಲ್ಮರ್ ಹಾಕಿದ ಮಂಜು

ಹೋದ ವಾರದ ಮಾತಿನಂತೆ ಇವತ್ತು ‘ರೋಬೋಟ್ ಮಾನ್‌ಸ್ಟರ್’ (1953) ಬಗ್ಗೆ ಬರೆಯಬೇಕಿತ್ತು. ಗೊರಿಲ್ಲಾ ವೇಷ ತೊಟ್ಟು ತಲೆಗೆ ಹೆಲ್ಮೆಟ್ ಸಿಕ್ಕಿಸಿಕೊಂಡ ಆ ಅನ್ಯಲೋಕದವನನ್ನು ಕಂಡು ನಗುವವರ ಮೇಲೆ ನನಗಿರುವ ಸಿಟ್ಟು ಹಳೆಯದು. 1980ರಲ್ಲಿ ಮೆಡ್‌ವೆಡ್ ಸಹೋದರರ ‘ದಿ ಗೋಲ್ಡನ್ ಟರ್ಕಿ ಅವಾರ್ಡ್ಸ್’ ಪುಸ್ತಕ ಎಡ್ ವುಡ್‌ನ ‘ಪ್ಲ್ಯಾನ್ 9’ಗೆ ಅತಿ ಕೆಟ್ಟ ಚಿತ್ರವೆಂಬ ಪಟ್ಟ ಕಟ್ಟಿತಲ್ಲ, ಆ ಪಂಥ ಇನ್ನೂ ಅಳಿದಿಲ್ಲ. ದಾರ ಕಾಣುತ್ತದೆ, ರಟ್ಟು ಅಲ್ಲಾಡುತ್ತದೆ ಎಂದು ಕೇಕೆ ಹಾಕುವುದೇ ಅವರಿಗೆ ರಸಿಕತೆ. ನೋಡಲು ಬಾರದವರ ನಗು ಅದು.

ಆದರೆ ನಿನ್ನೆ ರಾತ್ರಿ ‘ದಿ ಮ್ಯಾನ್ ಫ್ರಮ್ ಪ್ಲಾನೆಟ್ ಎಕ್ಸ್’ ಮತ್ತೆ ನೋಡಿದೆ. ಜಗಳ ಮುಂದಿನ ವಾರಕ್ಕಿರಲಿ.

1951ರ ಚಿತ್ರ. ನಿರ್ದೇಶಕ ಎಡ್ಗರ್ ಉಲ್ಮರ್ ಅದನ್ನು ಆರೇ ದಿನಗಳಲ್ಲಿ ಚಿತ್ರೀಕರಿಸಿದ. ಕಥೆ ನಡೆಯುವುದು ಸ್ಕಾಟ್ಲೆಂಡಿನ ದ್ವೀಪದಲ್ಲಿ. ಕ್ಯಾಮೆರಾ ಓಡಿದ್ದು ಕ್ಯಾಲಿಫೋರ್ನಿಯಾದ ಸ್ಟುಡಿಯೊದೊಳಗೆ, 1948ರ ‘ಜೋನ್ ಆಫ್ ಆರ್ಕ್’ಗೆಂದು ಕಟ್ಟಿದ್ದ ಸೆಟ್ಟುಗಳಲ್ಲಿ. ಹಳೆಯ ಸೆಟ್ಟಿನ ಗುರುತು ಹತ್ತದಿರಲೆಂದು ಉಲ್ಮರ್ ಎಲ್ಲೆಡೆ ಮಂಜು ಹಾಕಿಸಿದ. ಚಿತ್ರದ ಜೀವವಿರುವುದು ಆ ಮಂಜಿನಲ್ಲೇ. ಹತ್ತಡಿಯಾಚೆ ಏನಿದೆಯೆಂದು ಕಾಣದಿದ್ದಾಗ ಸ್ಟುಡಿಯೊದ ನೆಲವೇ ಕೊನೆಯಿಲ್ಲದ ಜೌಗು ಬಯಲಾಗುತ್ತದೆ. ನಾಯಕಿ ಮಾರ್ಗರೆಟ್ ಫೀಲ್ಡ್ ಒಬ್ಬಳೇ ಆ ಮಂಜಿನಲ್ಲಿ ನಡೆದು, ಅಲ್ಲಿ ಇಳಿದಿರುವ ನೌಕೆಯ ಕಿಟಕಿಗೆ ಮುಖವಿಟ್ಟು ಇಣುಕುತ್ತಾಳೆ. ಒಳಗಿನಿಂದಲೂ ಒಂದು ಮುಖ. ದೊಡ್ಡ ತಲೆ, ಕದಲದ ತುಟಿ. ಎಷ್ಟನೆಯ ಸಲವೋ, ನನಗೆ ಮೈ ಜುಮ್ಮೆಂದಿತು.

ಆಮೇಲಿನದ್ದು ಈ ಪ್ರಕಾರದಲ್ಲೇ ನನಗೆ ಅತಿ ಪ್ರಿಯವಾದ ಭಾಗ. ಹೊರಬಂದ ಅತಿಥಿಯ ಉಸಿರಿನ ವಾಲ್ವು ಕೆಡುತ್ತದೆ, ಅವನು ಕುಸಿಯುತ್ತಾನೆ, ಅಲ್ಲಿದ್ದ ಮನುಷ್ಯರು ಅದನ್ನು ತಿರುಗಿಸಿ ಉಳಿಸುತ್ತಾರೆ. ಮಾತು ಬಾರದ ಅವನು ನಂಬಿ ಮನೆಯವರೆಗೂ ಹಿಂದೆ ಬರುತ್ತಾನೆ. ಅವನದು ಸಂಗೀತದ ಸ್ವರಗಳಂಥ ಭಾಷೆ. ಅವನ ಲೋಕದ ಲೋಹದ ಗುಟ್ಟಿಗೆ ಆಸೆಬಿದ್ದ ವಿಜ್ಞಾನಿ ಮಿಯರ್ಸ್ ಮಾಡುವುದೇನು? ಯಾರೂ ಇಲ್ಲದಾಗ ಅದೇ ವಾಲ್ವನ್ನು ಮುಚ್ಚಿ ಬಾಯಿ ಬಿಡಿಸಲು ನೋಡುತ್ತಾನೆ.

ಇಂದಿನ ಗ್ರಾಫಿಕ್ಸ್ ಅನ್ಯಲೋಕದವನ ಕಣ್ಣೀರಿನ ಹನಿಯನ್ನೂ ತಿದ್ದಿ ತೋರಿಸುತ್ತದೆ. ನನಗಲ್ಲಿ ಕೆಲಸವೇ ಉಳಿದಿರುವುದಿಲ್ಲ. ಇಲ್ಲಿರುವುದು ಒಂದು ಅಗ್ಗದ ಮುಖವಾಡ, ಎರಡು ದೃಶ್ಯಗಳಲ್ಲೂ ಅದೇ, ಒಂದು ಗೆರೆಯೂ ಬದಲಾಗಿಲ್ಲ. ಆದರೂ ಮೊದಲ ಸಲ ಅದರಲ್ಲಿ ಕೃತಜ್ಞತೆ ಕಂಡಿದ್ದೆ. ಎರಡನೆಯ ಸಲ, ಮಿಯರ್ಸ್‌ನ ಕೈ ವಾಲ್ವಿನ ಮೇಲಿದ್ದಾಗ, ಆ ಮುಖವನ್ನು ನೋಡಲಾಗಲಿಲ್ಲ.