ಚಂದ್ರವಳ್ಳಿಯ ಅಕ್ಷರಗಳು: ಚಿತ್ರದ ಸ್ಪಷ್ಟತೆಯನ್ನು ಕುರಿತು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆಯಷ್ಟೆ. 1929ರಲ್ಲಿ ಅದನ್ನು ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರು ಕೆರೆಯ ನಿರ್ಮಾಣದ ಸಂಗತಿಯೊಡನೆ ತ್ರೈಕೂಟ, ಆಭೀರ, ಪಲ್ಲವ, ಮೌಖರಿ ಮೊದಲಾದ ಹೆಸರುಗಳನ್ನೂ ಅಲ್ಲಿ ಓದಿದರು. ಅನಂತರದ ವಿದ್ವಾಂಸರು ಈ ಪಾಠವನ್ನು ಸಂದೇಹಿಸಿದ್ದಾರೆ. ಮಯೂರಶರ್ಮನ ದಿಗ್ವಿಜಯವೆಂಬುದು ಹೀಗೆ ಸವೆದ ಕೆಲವು ಅಕ್ಷರಗಳ ಮೇಲೆ ನಿಂತಿದೆ.

ಇಂಥ ಶಾಸನಗಳನ್ನು ಈಗ ವಿಡಿಯೊದಲ್ಲಿ ದಾಖಲಿಸುತ್ತಿರುವುದು ಸಂತೋಷದ ವಿಷಯ. ಆದರೆ ಆ ಚಿತ್ರಗಳಲ್ಲಿ ಒಂದು ದೋಷವು ಮತ್ತೆ ಮತ್ತೆ ಕಾಣುತ್ತದೆ. ನಡುಹಗಲಿನಲ್ಲಿ, ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ತೆಗೆದ ಮಸುಕು ಚಿತ್ರವನ್ನು ಸಂಕಲನದಲ್ಲಿ ಹರಿತಗೊಳಿಸಿ ಮುಂದಿಡುತ್ತಾರೆ. ಹರಿತಗೊಳಿಸುವುದೆಂದರೆ ಕ್ಯಾಮೆರಾ ಕಾಣದುದನ್ನು ಕಾಣಿಸುವುದಲ್ಲ. ಅಂಚುಗಳಲ್ಲಿ ಕಪ್ಪು ಬಿಳುಪುಗಳ ಅಂತರವನ್ನು ಹೆಚ್ಚಿಸುವುದು ಮಾತ್ರ. ಉಳಿಯ ಗೆರೆಗೂ ಮಳೆಗಾಳಿಯ ಬಿರುಕಿಗೂ ಅದು ಭೇದವೆಣಿಸದು. ಅತಿಯಾದರೆ ಬಿರುಕೇ ಅಕ್ಷರದ ರೇಖೆಯಂತೆ ತೋರೀತು.

ಕಚ್ಚಾ ವಿಡಿಯೊದ ಪ್ರಯೋಜನವು ನಿಜವಾದುದೇ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಬೆಳಕಿನ 256 ಮಟ್ಟಗಳಿದ್ದರೆ 12 ಬಿಟ್‌ನ ಕಚ್ಚಾ ಚಿತ್ರದಲ್ಲಿ 4096. ಕ್ಯಾಮೆರಾ ತಾನಾಗಿ ಹರಿತಗೊಳಿಸದ ಕಾರಣ ಮೊದಲ ನೋಟಕ್ಕೆ ಅದು ಮೃದುವಾಗಿ ಕಾಣುವುದು. ಅದು ದೋಷವಲ್ಲ, ಪ್ರಾಮಾಣಿಕತೆ. ಆದರೆ ನಡುಗಿದ ಕೈಯನ್ನೂ ತಪ್ಪಿದ ಫೋಕಸನ್ನೂ ಅದು ಸರಿಪಡಿಸಲಾರದು.

ಆದಕಾರಣ ಸ್ಪಷ್ಟತೆಯನ್ನು ಬಂಡೆಯ ಎದುರಿನಲ್ಲೇ ಗಳಿಸಬೇಕು. ಓರೆಯಾದ ಬೆಳಕಿನಲ್ಲಿ ಅಕ್ಷರದ ಕೊರೆತವು ನೆರಳಿನಿಂದ ತುಂಬುತ್ತದೆ. ಬಿಸಿಲು ತಾಗದೆಡೆ ಪಕ್ಕದಿಂದ ದೀಪ ಹಿಡಿಯಬಹುದು. ಕ್ಯಾಮೆರಾ ಮುಕ್ಕಾಲಿಯ ಮೇಲೆ, ಬಂಡೆಗೆ ನೇರ ಎದುರಾಗಿರಬೇಕು. ಚಿತ್ರವನ್ನು ಹಿಗ್ಗಿಸಿ ನೋಡಿ ಫೋಕಸನ್ನು ಖಚಿತಪಡಿಸಿಕೊಳ್ಳಬೇಕು. ಮಸೂರದ ರಂಧ್ರವನ್ನು ಅತಿಯಾಗಿ ಕಿರಿದುಗೊಳಿಸಿದರೆ ಬೆಳಕು ಚದರಿ ಚಿತ್ರ ಮಸುಕಾಗುತ್ತದೆ. ಇನ್ನೊಂದು ಅನುಕೂಲ ವಿಡಿಯೊಗೆ ವಿಶೇಷವಾದುದು: ಚಿತ್ರ ನಡೆಯುತ್ತಿರುವಂತೆಯೇ ದೀಪವನ್ನು ಸುತ್ತ ಸರಿಸಿದರೆ ಕೊರೆತದ ನೆರಳು ಚಲಿಸುತ್ತದೆ, ಕಲ್ಲಿನ ಕಲೆ ಚಲಿಸುವುದಿಲ್ಲ. ಬಿರುಕಿಗೂ ನೆರಳುಂಟು, ದಿಟ. ಆದರೆ ಹಲವು ದಿಕ್ಕಿನ ಬೆಳಕಿನಲ್ಲಿ ಅದರ ಆಳವನ್ನೂ ಅಂಚನ್ನೂ ಪರೀಕ್ಷಿಸಲು ಅವಕಾಶವಾಗುತ್ತದೆ.

ಸಂಕಲನದಲ್ಲಿ ಹರಿತಗೊಳಿಸುವ ಕೆಲಸ ಕೊನೆಯದಾಗಿರಲಿ, ಮಿತವಾಗಿರಲಿ. ಮೂಲ ಕಡತವನ್ನು ಕಾಪಾಡಿ, ತಿದ್ದದ ಚಿತ್ರವನ್ನೂ ಪಕ್ಕದಲ್ಲಿ ತೋರಿಸಲಿ. ಪಡಿಯಚ್ಚಿನ ಮೇಲೆ ಮಸಿಯಿಂದ ಅಕ್ಷರ ತಿದ್ದಿದವನನ್ನು ನಾವು ಸಂಶೋಧಕನೆನ್ನುವುದಿಲ್ಲ. ವಿಡಿಯೊಗೆ ಬೇರೆಯ ನ್ಯಾಯವೇಕೆ?